ಗ್ಯಾಂಗ್ ಬಂತು ಅಂದ್ರೆ ಕಬ್ಬು ಹೋಯ್ತು ಅಂತಷ್ಟೇ ಅಲ್ಲ: ಕಟಾವು ಕಾರ್ಮಿಕರ ನೀರು, ನೆರಳು, ಲೆಕ್ಕ ನಮ್ಮ ಜವಾಬ್ದಾರಿಯೂ ಹೌದು



"ಗ್ಯಾಂಗ್ ಯಾವಾಗ ಬರ್ತೈತ್ರೀ?" ದೀಪಾವಳಿ ಮುಗಿಯುತ್ತಿದ್ದ ಹಾಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಕಬ್ಬು ಬೆಳೆದವರ ಬಾಯಲ್ಲಿ ಇದೊಂದೇ ಪ್ರಶ್ನೆ. ಫೀಲ್ಡ್‌ಮನ್‌ಗೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡ್ತೀವಿ. ಗ್ಯಾಂಗ್ ಬಂದ ಮೇಲೆ ಟನ್ ಎಷ್ಟಾಯ್ತು, ರಿಕವರಿ ಎಷ್ಟು ಬಂತು, ಬಿಲ್ಲು ಯಾವಾಗ ಅಂತ ಕೇಳ್ತೀವಿ. ಕಬ್ಬು ಕಡಿದವರು ಹೇಗಿದ್ದಾರೆ ಅಂತ ಕೇಳೋದು ಕಡಿಮೆ. ನಾನೂ ಕೇಳಿದವನಲ್ಲ. ಕಳೆದ ಹಂಗಾಮಿನ ಒಂದು ಘಟನೆ ನನ್ನ ಬುದ್ಧಿ ತಿದ್ದಿತು. ಅದನ್ನು ಹೇಳಿಯೇ ಮುಂದೆ ಹೋಗ್ತೀನಿ.

ಫೆಬ್ರುವರಿ ಕೊನೆಯ ವಾರ. ನಮ್ಮ ಹೊಲದಲ್ಲಿ ಬೀಡ್ ಕಡೆಯ ಹತ್ತು ಜೋಡಿ ಕಟಾವು ಮಾಡ್ತಿತ್ತು. ಮಧ್ಯಾಹ್ನ ಒಂದೂವರೆ ಹೊತ್ತಿಗೆ ಇಪ್ಪತ್ತೈದು ವರ್ಷದ ಒಬ್ಬ ಹೆಣ್ಣುಮಗಳು ಕಟ್ಟಿನ ಮೇಲೆ ಕೂತುಬಿಟ್ಟಿದ್ದಳು. "ಅಣ್ಣಾ, ತಲಿ ಸಿಡ್ಯಾಕತ್ತೈತಿ, ಸೊಂಟ ಹಿಡ್ಕೊಂಡೈತಿ. ಒಂದ್ ಗುಳಿಗಿ ಇದ್ರ ಕೊಡ್ರಿ" ಅಂದಳು. ಮರಾಠಿ ಬೆರೆತ ಕನ್ನಡ. ಅವಳ ಗಂಡ ಕತ್ತಿ ಕೆಳಗಿಡದೆ, "ಏನಾಗಿಲ್ರೀ ಮಾಲಕ್ರ, ಬಿಸಲು ಅಷ್ಟ" ಅಂದ. ಟ್ರ್ಯಾಕ್ಟರ್ ಟೂಲ್ ಬಾಕ್ಸಿನಲ್ಲಿ ನನ್ನ ಬೆನ್ನುನೋವಿಗೆ ಅಂತ ಇಟ್ಟುಕೊಂಡಿದ್ದ ನೋವಿನ ಮಾತ್ರೆ ಇತ್ತು. ಎರಡು ಕೊಟ್ಟೆ. ಉಪಕಾರ ಮಾಡಿದೆ ಅಂದುಕೊಂಡೆ.

ಎರಡು ದಿನ ಬಿಟ್ಟು ಅವಳನ್ನು ತಾಲ್ಲೂಕು ಆಸ್ಪತ್ರೆಗೆ ಹಾಕಿದ್ರು. ಮೂತ್ರ ಕಡಿಮೆಯಾಗಿ, ಕಂದು ಬಣ್ಣಕ್ಕೆ ತಿರುಗಿತ್ತು. ಸಲೈನ್ ಏರಿಸಿದ ಮೇಲೆ ಚೇತರಿಸಿಕೊಂಡಳು. ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ರು: "ಇಡೀ ದಿನ ನೀರು ಕುಡೀದೆ ಬಿಸಿಲಲ್ಲಿ ದುಡಿದವರಿಗೆ ನೋವಿನ ಮಾತ್ರೆ ಕೊಟ್ರೆ ಕಿಡ್ನಿಗೆ ಹೊಡೆತ ಬೀಳುತ್ತೆ ಅಂತ ಗೊತ್ತಿಲ್ವಾ?" ನನಗೆ ಗೊತ್ತಿರಲಿಲ್ಲ. ನಮ್ಮ ಹೊಲದಲ್ಲಿ ಅವರಿಗೆ ಕುಡಿಯೋ ನೀರು ಎಲ್ಲಿಂದ ಬರ್ತಿತ್ತು ಅನ್ನೋದೂ ಗೊತ್ತಿರಲಿಲ್ಲ. ಕೇಳಿದರೆ, ಅರ್ಧ ಕಿಲೋಮೀಟರ್ ದೂರದ ಕಾಲುವೆಯಿಂದ ಒಂದು ಕೊಡ, ಇಡೀ ಗ್ಯಾಂಗಿಗೆ.

ಅವಳು ಐದು ದಿನ ಕೆಲಸಕ್ಕೆ ಬರಲಿಲ್ಲ. ಆ ಐದು ದಿನದ ಕಡಿತ ಅವಳೊಬ್ಬಳದ್ದಲ್ಲ, ಗಂಡನದ್ದೂ ಸೇರಿ ಮುಕಾದಮನ ಪುಸ್ತಕದಲ್ಲಿ ಬರೆಯಲಾಗಿತ್ತು. ಯಾಕೆ ಅಂತ ಕೇಳಿದಾಗ ಈ ವ್ಯವಸ್ಥೆಯ ಒಳಗು ಸ್ವಲ್ಪ ಸ್ವಲ್ಪ ತಿಳಿಯಿತು.

ಯಾರಿವರು? ಎಲ್ಲಿಂದ ಬರ್ತಾರೆ?

ಮಹಾರಾಷ್ಟ್ರದ ಮರಾಠವಾಡ ಮಳೆ ಕಡಿಮೆ ಬೀಳುವ ಸೀಮೆ. ಬೀಡ್, ಜಾಲ್ನಾ, ಧಾರಾಶಿವ, ಲಾತೂರ್, ಅದಕ್ಕೆ ಹೊಂದಿಕೊಂಡ ಅಹಿಲ್ಯಾನಗರ ಜಿಲ್ಲೆಗಳಿಂದ ಪ್ರತಿ ವರ್ಷ ಲಕ್ಷಗಟ್ಟಲೆ ಜನ ಕಬ್ಬು ಕಡಿಯೋಕೆ ಹೊರಡ್ತಾರೆ. ಪಶ್ಚಿಮ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರಕ್ಕೆ ಹೋಗ್ತಾರೆ, ನಮ್ಮ ಕೃಷ್ಣಾ, ಘಟಪ್ರಭಾ ದಂಡೆಯ ಊರುಗಳಿಗೂ ಬರ್ತಾರೆ. ವಂಜಾರಿ, ಬಂಜಾರ, ದಲಿತ ಕುಟುಂಬಗಳೇ ಹೆಚ್ಚು. ಕೆಲವರಿಗೆ ಎರಡು ಮೂರು ಎಕರೆ ಹೊಲವೂ ಇದೆ, ನೀರಿಲ್ಲ ಅಷ್ಟೇ. ಅಂದ್ರೆ ಅವರೂ ರೈತರೇ.

ಇದು ಅವರ ಊರಿನ ಕಥೆ ಮಾತ್ರ ಅಲ್ಲ. ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಯ ತಾಂಡಾಗಳಿಂದಲೂ ಜನ ಗಂಟುಮೂಟೆ ಕಟ್ಟಿಕೊಂಡು ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ ಹೋಗ್ತಾರೆ. ಅಲ್ಲಿ ಅವರನ್ನು ಹೇಗೆ ನೋಡಿಕೊಳ್ಳಬೇಕು ಅಂತ ನಾವು ಬಯಸ್ತೀವೋ, ಇಲ್ಲಿಗೆ ಬಂದವರನ್ನು ಹಾಗೆ ನೋಡಿಕೊಂಡರೆ ಸಾಕು.

ನವೆಂಬರಿನಿಂದ ಮಾರ್ಚ್, ಏಪ್ರಿಲ್‌ವರೆಗೆ ಕೆಲಸ. ಗಂಡ ಹೆಂಡತಿ ಸೇರಿ ಒಂದು ಜೋಡಿ. ಇದಕ್ಕೆ ಅವರ ಕಡೆ 'ಕೋಯತಾ' ಅಂತಾರೆ, ಅಂದ್ರೆ ಕತ್ತಿ. ಇಬ್ಬರು ಮನುಷ್ಯರು, ಹೆಸರು ಒಂದು ಕತ್ತಿ. ಗಂಡ ಕಡಿದು ಹಾಕ್ತಾನೆ, ಹೆಂಡತಿ ರವದಿ ಬಿಡಿಸಿ, ಕಟ್ಟು ಕಟ್ಟಿ, ತಲೆ ಮೇಲೆ ಹೊತ್ತು, ಹಲಗೆ ಹತ್ತಿ ಟ್ರೇಲರ್‌ಗೆ ಹಾಕ್ತಾಳೆ. ಒಂದು ಕಟ್ಟು 35ರಿಂದ 40 ಕಿಲೋ ತೂಗುತ್ತೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅಡುಗೆ, ಬೆಳಕು ಹರಿಯೋ ಮುಂಚೆ ಹೊಲ. ಟ್ರ್ಯಾಕ್ಟರ್ ರಾತ್ರಿ ಹತ್ತಕ್ಕೆ ಬಂದರೆ ರಾತ್ರಿ ಹತ್ತಕ್ಕೇ ಲೋಡು.

ಒಂದು ಲಕ್ಷ ಮುಂಗಡ ಅಂದ್ರೆ ಎಷ್ಟು ದಿನದ ದುಡಿಮೆ?

ಹಂಗಾಮು ಶುರುವಾಗುವ ಮೊದಲೇ ಮುಕಾದಮನ ಕೈಯಿಂದ ಜೋಡಿಗೆ ಮುಂಗಡ ಹೋಗುತ್ತೆ. 50 ಸಾವಿರದಿಂದ ಒಂದು ಲಕ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಆ ದುಡ್ಡು ಮಗಳ ಮದುವೆಗೋ, ಹಳೆ ಸಾಲಕ್ಕೋ, ಆಸ್ಪತ್ರೆಗೋ ಖರ್ಚಾಗಿರುತ್ತೆ. ಅದು ತೀರೋವರೆಗೆ ಕಡಿಯಬೇಕು.

ಈಗ ಮೊಬೈಲ್ ಕ್ಯಾಲ್ಕುಲೇಟರ್ ತೆಗೆಯಿರಿ. ಮಹಾರಾಷ್ಟ್ರದಲ್ಲಿ 2024ರ ಜನವರಿಯಲ್ಲಿ ಕಟಾವು ಕೂಲಿಯನ್ನು ನೂರಕ್ಕೆ 34ರಷ್ಟು ಏರಿಸಿದ್ರು. ಟನ್ನಿಗೆ 273 ರೂಪಾಯಿ ಇದ್ದದ್ದು 366 ಆಯಿತು. ನಮ್ಮಲ್ಲಿ ದರ ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ, ಆದರೂ ಲೆಕ್ಕಕ್ಕೆ ಇದನ್ನೇ ಹಿಡಿಯೋಣ.

- ಒಂದು ಜೋಡಿ ದಿನಕ್ಕೆ ಗಟ್ಟಿಯಾಗಿ ದುಡಿದರೆ ಸುಮಾರು 2 ಟನ್
- 2 × 366 = 732 ರೂಪಾಯಿ. ಇದು ಇಬ್ಬರದ್ದೂ ಸೇರಿ, ತಲೆಗೆ 366
- ಒಂದು ಲಕ್ಷ ಮುಂಗಡ ÷ 732 = ಸುಮಾರು 137 ದಿನ

ನವೆಂಬರ್ ಆರಂಭದಿಂದ ಮಾರ್ಚ್ ಮಧ್ಯದವರೆಗೆ ಒಂದು ದಿನವೂ ತಪ್ಪಿಸದೆ ಇಬ್ಬರೂ ದುಡಿದರೆ ಮುಂಗಡ ತೀರುತ್ತೆ. ಜ್ವರ ಬರಬಾರದು, ಮಳೆ ಆಗಬಾರದು, ಕಾರ್ಖಾನೆ ಬಂದ್ ಆಗಬಾರದು, ಮುಟ್ಟಿನ ದಿನ ಕೂಡ ಕೂರಬಾರದು. ಊಟಕ್ಕೆ, ಔಷಧಿಗೆ ನಡುವೆ ತೆಗೆದುಕೊಂಡ ಖರ್ಚಿನ ದುಡ್ಡು ಮತ್ತೆ ಸಾಲಕ್ಕೆ ಸೇರುತ್ತೆ. ಒಂದು ದಿನ ತಪ್ಪಿಸಿದರೆ ಆ ದಿನದ ಕೂಲಿ ಹೋಗೋದಷ್ಟೇ ಅಲ್ಲ, ಮೇಲೆ ದಂಡ. ಅದಕ್ಕೆ 'ಖಾಡಾ' ಅಂತಾರೆ. ಜೋಡಿಯಲ್ಲಿ ಒಬ್ಬರು ಮಲಗಿದರೆ ಕತ್ತಿ ಅರ್ಧ ಆಗೋದಿಲ್ಲ, ಪೂರ್ತಿ ನಿಲ್ಲುತ್ತೆ. ನಮ್ಮ ಹೊಲದಲ್ಲಿ ಆದದ್ದೂ ಅದೇ. ಹಂಗಾಮು ಮುಗಿದ ಮೇಲೂ ಬಾಕಿ ಉಳಿದರೆ ಅದು ಮುಂದಿನ ವರ್ಷದ ಪುಸ್ತಕಕ್ಕೆ ಹೋಗುತ್ತೆ. ಹೀಗೆ ಮುಂದಿನ ವರ್ಷವೂ ಅದೇ ಮುಕಾದಮನ ಹಿಂದೆ ಬರಲೇಬೇಕು.

ಬೀಡ್‌ನಲ್ಲಿ ಬಯಲಾದದ್ದು

ಈ ದಂಡದ ಭಯ ಹೆಣ್ಣುಮಕ್ಕಳ ದೇಹಕ್ಕೆ ಏನು ಮಾಡಿದೆ ಅನ್ನೋದು 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಳ್ಳುತ್ತಿದ್ದಾರೆ ಅಂತ ಪತ್ರಿಕೆಗಳಲ್ಲಿ ವರದಿ ಬಂತು. ಮಹಾರಾಷ್ಟ್ರ ಸರ್ಕಾರ ವಿಧಾನ ಪರಿಷತ್ತಿನ ಉಪಸಭಾಪತಿ ನೀಲಂ ಗೋರ್ಹೆ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮೀಕ್ಷೆಗೆ ಒಳಪಟ್ಟ 82,309 ಮಹಿಳಾ ಕಾರ್ಮಿಕರಲ್ಲಿ 13,861 ಮಂದಿಗೆ ಗರ್ಭಕೋಶ ಇರಲಿಲ್ಲ. ಆರು ಜನರಲ್ಲಿ ಒಬ್ಬರು. ಇಡೀ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಈ ಪ್ರಮಾಣ ನೂರಕ್ಕೆ ಸುಮಾರು ಮೂರು.

ಯಾಕೆ ಹೀಗಾಗುತ್ತೆ? ಹೊಲದಲ್ಲಿ ಶೌಚಾಲಯ ಇಲ್ಲ, ಸ್ನಾನಕ್ಕೆ ನೀರಿಲ್ಲ, ಮುಟ್ಟಿನ ಬಟ್ಟೆ ತೊಳೆದು ಒಣಗಿಸೋಕೆ ಜಾಗ ಇಲ್ಲ. ಶೌಚಕ್ಕೆ ಹೋಗಬೇಕಾಗುತ್ತೆ ಅಂತ ನೀರು ಕಡಿಮೆ ಕುಡೀತಾರೆ. ಮೂತ್ರನಾಳದ ಸೋಂಕು, ಬಿಳಿಸೆರಗು, ಹೊಟ್ಟೆನೋವು ಶುರುವಾಗುತ್ತೆ. ಆರು ತಿಂಗಳು ಔಷಧಿ ಇಲ್ಲದೆ ತಳ್ಳಿ, ಊರಿಗೆ ಹೋದಾಗ ಖಾಸಗಿ ಆಸ್ಪತ್ರೆಗೆ ಹೋದರೆ "ಕ್ಯಾನ್ಸರ್ ಆದೀತು, ತೆಗೆಸಿಬಿಡಿ" ಅನ್ನೋ ಮಾತು. ತೆಗೆಸಿದರೆ ತಿಂಗಳಿಗೆ ಮೂರು ನಾಲ್ಕು ದಿನ ಖಾಡಾ ಉಳಿಯುತ್ತೆ ಅನ್ನೋ ಲೆಕ್ಕವೂ ಸೇರಿಕೊಳ್ಳುತ್ತೆ. ಆಪರೇಷನ್ ಖರ್ಚಿಗೆ ಮತ್ತೆ ಮುಂಗಡ. ಅಂಡಾಶಯವನ್ನೂ ತೆಗೆದಿದ್ದರೆ ಮೂವತ್ತರ ಹರೆಯದಲ್ಲೇ ಮುಟ್ಟು ನಿಂತ ಮುದುಕಿಯರ ಹಾಗೆ ಮೂಳೆ ಸವೆತ, ಮೈ ಉರಿ. ಅದೇ ಸೊಂಟದ ಮೇಲೆ ಮತ್ತೆ 40 ಕಿಲೋ ಕಟ್ಟು.

ಗರ್ಭಕೋಶ ತೆಗೆಯೋಕೆ ಸರಿಯಾದ ವೈದ್ಯಕೀಯ ಕಾರಣ ಇರೋ ಸಂದರ್ಭಗಳೂ ಇವೆ. ಆದರೆ ಮಾತ್ರೆಯಲ್ಲಿ ಹೋಗಬಹುದಾಗಿದ್ದ ಸೋಂಕು ಆಪರೇಷನ್‌ವರೆಗೆ ಬೆಳೆಯೋದಕ್ಕೆ ಹೊಲದಲ್ಲಿ ಮರೆ ಇಲ್ಲದಿರೋದು ಒಂದು ಕಾರಣ ಅಂದ್ರೆ, ಆ ಹೊಲ ಯಾರದ್ದು ಅಂತ ನಾವೇ ಕೇಳಿಕೊಳ್ಳಬೇಕು.

ಬಿಸಿಲು, ಕಿಡ್ನಿ: ಎಲ್ ಸಾಲ್ವಡಾರ್ ಕಲಿಸಿದ ಪಾಠ

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್, ನಿಕರಾಗುವಾ ದೇಶಗಳಲ್ಲೂ ಕಬ್ಬು ಮುಖ್ಯ ಬೆಳೆ. ಅಲ್ಲಿ ಸಕ್ಕರೆ ಕಾಯಿಲೆಯಾಗಲಿ, ಬಿಪಿಯಾಗಲಿ ಇಲ್ಲದ ಗಟ್ಟಿಮುಟ್ಟಾದ ಯುವಕರು ಕಿಡ್ನಿ ಕೆಟ್ಟು ಸಾಯೋದನ್ನು ವೈದ್ಯರು ಗಮನಿಸಿದ್ರು. ಸಾವಿರಾರು ಜನ ಹೀಗೆ ಸತ್ತರು. ಪೂರ್ತಿ ಕಾರಣಗಳ ಬಗ್ಗೆ ವಿಜ್ಞಾನಿಗಳ ಚರ್ಚೆ ಇನ್ನೂ ನಡೀತಿದೆ. ಆದರೆ ದಿನವೂ ಬಿಸಿಲಲ್ಲಿ ಬಸವಳಿಯುವ ದುಡಿಮೆ, ಮೈಯಲ್ಲಿ ನೀರು ಬತ್ತೋದು ಇದರಲ್ಲಿ ದೊಡ್ಡ ಪಾಲು ಅನ್ನೋದಕ್ಕೆ ಸಾಕಷ್ಟು ಪುರಾವೆ ಇದೆ.

2014–15ರ ಹಂಗಾಮಿನಲ್ಲಿ ಎಲ್ ಸಾಲ್ವಡಾರ್‌ನ ಒಂದು ಸಕ್ಕರೆ ಕಾರ್ಖಾನೆಯ ಕಾರ್ಮಿಕರ ಜೊತೆ ಒಂದು ಪ್ರಯೋಗ ಮಾಡಿದ್ರು. ಸೂತ್ರ ಸರಳ: ನೀರು, ವಿಶ್ರಾಂತಿ, ನೆರಳು. ಬೆನ್ನಿಗೆ ಹಾಕಿಕೊಳ್ಳೋ ನೀರಿನ ಚೀಲ, ಹೊಲದ ಜೊತೆ ಮುಂದೆ ಸರಿಸಬಹುದಾದ ನೆರಳಿನ ಚಪ್ಪರ, ಹೊತ್ತಿಗೆ ಸರಿಯಾಗಿ ಹತ್ತು ಹದಿನೈದು ನಿಮಿಷದ ಬಿಡುವು, ಜೊತೆಗೆ ಹಿಡಿಕೆ ಸುಧಾರಿಸಿದ ಕತ್ತಿ. ಬಿಡುವು ಕೊಟ್ಟರೆ ಕೆಲಸ ಕಡಿಮೆಯಾಗುತ್ತೆ ಅಂತ ನಾವು ನೀವು ಅಂದುಕೊಳ್ತೀವಿ ಅಲ್ವಾ? ಆದದ್ದು ಉಲ್ಟಾ. ಒಬ್ಬ ದಿನಕ್ಕೆ ಸರಾಸರಿ 5.1 ಟನ್ ಕಡಿಯುತ್ತಿದ್ದದ್ದು 7.3 ಟನ್ನಿಗೆ ಏರಿತು. ಅಲ್ಲಿ ಸುಟ್ಟ ಕಬ್ಬು ಕಡೀತಾರೆ, ತಲೆ ಮೇಲೆ ಹೊರೋದಿಲ್ಲ, ಹಾಗಾಗಿ ಟನ್ ಅಂಕಿಯನ್ನು ನಮ್ಮದಕ್ಕೆ ಹೋಲಿಸಬೇಡಿ. ಏರಿತು ಅನ್ನೋದನ್ನು ಮಾತ್ರ ಗಮನಿಸಿ. ಎತ್ತಿಗೆ ನೀರು ಕುಡಿಸಿ ನೆರಳಿಗೆ ಕಟ್ಟಿದರೆ ಸಂಜೆ ಗಳೆ ಚೆನ್ನಾಗಿ ನಡೆಯುತ್ತೆ ಅಂತ ನಮ್ಮಜ್ಜನಿಗೂ ಗೊತ್ತಿತ್ತು. ಮನುಷ್ಯರ ವಿಷಯದಲ್ಲಿ ಮಾತ್ರ ನಾವು ಮರೆತುಬಿಟ್ಟಿದ್ದೀವಿ.

ನಿಮ್ಮ ಹೊಲಕ್ಕೆ ಗ್ಯಾಂಗ್ ಬಂದಾಗ ಏನು ಮಾಡಬೇಕು?

1. ಕುಡಿಯೋ ನೀರು: ತಲೆಗೆ ದಿನಕ್ಕೆ 6ರಿಂದ 8 ಲೀಟರ್ ಹಿಡಿಯಿರಿ. 20 ಜನರ ಗ್ಯಾಂಗಿಗೆ 20 ಲೀಟರಿನ ಎಂಟು ಕ್ಯಾನ್. ಕೆಲಸ ನಡೆಯೋ ಸಾಲಿನ ಹತ್ತಿರವೇ ಇಡಿ. ದೂರ ಇಟ್ಟರೆ ಯಾರೂ ಹೋಗಿ ಕುಡಿಯೋದಿಲ್ಲ. ಬಾಯಾರಿಕೆ ಆಗೋವರೆಗೆ ಕಾಯದೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯೋದು ಒಳ್ಳೆಯದು.

2. ಉಪ್ಪು–ಸಕ್ಕರೆ ನೀರು: ಒಂದು ಲೀಟರ್ ಶುದ್ಧ ನೀರಿಗೆ 6 ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬೇಡಿ, ಉಪ್ಪು ಹೆಚ್ಚಾದರೆ ಕೆಡುಕು. ಮನೆಯಲ್ಲಿ ಹೈನು ಇದ್ದರೆ ಮಜ್ಜಿಗೆ ಇನ್ನೂ ಚಲೋ.

3. ನೆರಳು: ಗಿಡ ಇಲ್ಲದ ಹೊಲದಲ್ಲಿ ನಾಲ್ಕು ಬೊಂಬು, ಒಂದು ತಾಡಪಾಲು. ಮನೆಯಲ್ಲಿ ರಾಶಿ ಮುಚ್ಚೋಕೆ ಇಟ್ಟಿರೋದೇ ಸಾಕು. ಹಸುಗೂಸುಗಳನ್ನು ಮಲಗಿಸೋಕೂ ಅದೇ ಜಾಗ. ಕೂಸನ್ನು ಟ್ರ್ಯಾಕ್ಟರ್ ನೆರಳಲ್ಲಿ ಮಲಗಿಸೋಕೆ ಯಾವತ್ತೂ ಬಿಡಬೇಡಿ.

4. ಮರೆ: ಹಳೆ ಸೀರೆಯೋ, ಶೇಡ್‌ನೆಟ್ಟೋ ಸುತ್ತಿ ಒಂದು ಮೂಲೆಯಲ್ಲಿ ಹೆಂಗಸರಿಗೆ ಮರೆ ಮಾಡಿ, ಒಂದು ಬಕೆಟ್ ನೀರು, ಸಾಬೂನು ಇಡಿ. ತೋಟದ ಮನೆಯ ಶೌಚಾಲಯ ಹತ್ತಿರ ಇದ್ದರೆ ಬಳಸಿಕೊಳ್ಳಿ ಅಂತ ನಿಮ್ಮ ಮನೆಯ ಹೆಣ್ಣುಮಕ್ಕಳ ಕೈಲಿ ಹೇಳಿಸಿ. ನಾವು ಗಂಡಸರು ಹೇಳಿದರೆ ಅವರು ಬರೋದಿಲ್ಲ.

5. ಬಿಸಿಲ ಹೊತ್ತು: ಫೆಬ್ರುವರಿ ದಾಟಿದ ಮೇಲೆ 12ರಿಂದ 3 ಗಂಟೆ ನಡುವೆ ಕಡಿಯೋದು ಬೇಡ, ಬೇಕಾದರೆ ನೆರಳಲ್ಲಿ ಕಟ್ಟು ಕಟ್ಟೋ ಕೆಲಸ ಇಟ್ಟುಕೊಳ್ಳಲಿ ಅಂತ ಮುಕಾದಮನಿಗೆ ಹೇಳಿ. ಲೋಡು ತಡ ಆದರೆ ನಮಗೇನೂ ನಷ್ಟ ಇಲ್ಲ ಅಂತ ನಾವೇ ಬಾಯಿಬಿಟ್ಟು ಹೇಳಿದರೆ ಅವರೂ ಧೈರ್ಯದಿಂದ ಕೂರ್ತಾರೆ.

6. ಮಾತ್ರೆ: ನನ್ನ ತಪ್ಪು ನೀವು ಮಾಡಬೇಡಿ. ಬಿಸಿಲಲ್ಲಿ ಬಳಲಿದವರಿಗೆ ನೋವಿನ ಮಾತ್ರೆ ಕೊಡಬೇಡಿ. ಮೊದಲು ನೆರಳು, ನೀರು, ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ. ಮಾತು ತೊದಲುತ್ತಿದ್ದರೆ, ಎಲ್ಲಿದ್ದೀನಿ ಅನ್ನೋ ಪರಿವೆ ಇಲ್ಲದಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲಾಘಾತ. ಮೈಗೆ ತಣ್ಣೀರು ಸುರಿದು, ಗಾಳಿ ಬೀಸಿ, ತಕ್ಷಣ 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಖರ್ಚು ಎಷ್ಟು? ಮೂರು ಎಕರೆ, ಎಕರೆಗೆ 40 ಟನ್ ಅಂದ್ರೆ 120 ಟನ್. ಹತ್ತು ಜೋಡಿಗೆ ಸುಮಾರು ಏಳು ದಿನದ ಕೆಲಸ. ಊರಿನ ಶುದ್ಧ ನೀರಿನ ಘಟಕದಲ್ಲಿ ಕ್ಯಾನಿಗೆ 5 ರೂಪಾಯಿ ಹಿಡಿದರೆ ದಿನಕ್ಕೆ 40, ಏಳು ದಿನಕ್ಕೆ 280. ಸಕ್ಕರೆ, ಉಪ್ಪಿಗೆ ದಿನಕ್ಕೆ 30ರಂತೆ 210. ಹತ್ತಿ, ಬ್ಯಾಂಡೇಜು, ಗಾಯದ ಔಷಧಿಗೆ 500. ಒಟ್ಟು 990. ಟನ್ನಿಗೆ ಎಂಟು ರೂಪಾಯಿ ಚಿಲ್ಲರೆ. ಲಗಾನಿ ಅಂತ ಮೇಲಿನ ದುಡ್ಡು ಕೇಳಿದಾಗ ನಾವು ಇದಕ್ಕಿಂತ ಎಷ್ಟೋ ಹೆಚ್ಚು ಕೊಟ್ಟು ಬಯ್ಕೊಂಡು ಬಂದಿರ್ತೀವಿ.

ಹಾವು, ಬೆಂಕಿ, ಟ್ರೇಲರ್

ಹಾವಿನ ಕಡಿತದಿಂದ ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58 ಸಾವಿರ ಜನ ಸತ್ತಿದ್ದಾರೆ ಅಂತ ಅಧ್ಯಯನವೊಂದರ ಅಂದಾಜು. ಬಹುಪಾಲು ಹಳ್ಳಿಯವರು. ಕಬ್ಬಿನ ಗದ್ದೆಯಲ್ಲಿ ಇಲಿ ಇರುತ್ತೆ, ಇಲಿ ಹಿಂದೆ ಕೊಳಕುಮಂಡಲ ಬರುತ್ತೆ. ಬರಿಗಾಲಲ್ಲಿ ರವದಿ ತುಳಿಯೋ ಹೆಂಗಸರಿಗೆ ಅಪಾಯ ಜಾಸ್ತಿ. ಕಚ್ಚಿದರೆ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗದಿಂದ ಬಿಗಿಯಬೇಡಿ, ಮಂತ್ರಕ್ಕೆ ಹೊತ್ತು ಕಳೆಯಬೇಡಿ. ಕಾಲುಂಗುರ, ಬಳೆ ತೆಗೆದು, ಅಲುಗಾಡಿಸದೆ, ವಿಷನಿರೋಧಕ ಔಷಧ ಇರೋ ಆಸ್ಪತ್ರೆಗೆ ನೇರ ಒಯ್ಯಿರಿ. ನಿಮ್ಮ ಹತ್ತಿರ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಆ ಔಷಧ ಇದೆ ಅಂತ ಕಟಾವಿನ ಮುಂಚೆಯೇ ಕೇಳಿ ನಂಬರ್ ಸೇವ್ ಮಾಡಿಕೊಳ್ಳಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕು.

ಬೇಗ ಕಡೀತಾರೆ ಅಂತ ಕಬ್ಬಿಗೆ ಬೆಂಕಿ ಹಚ್ಚೋದೂ ಬೇಡ. ಸುಟ್ಟ ಕಬ್ಬಿಗೆ ಕಾರ್ಖಾನೆಯವರು ಕಡಿತ ಹಾಕ್ತಾರೆ, ಮಣ್ಣಿಗೆ ಸೇರಬೇಕಾದ ರವದಿ ಹೋಗುತ್ತೆ, ಮರುದಿನ ಕಡಿಯೋರ ಎದೆ ತುಂಬ ಮಸಿ.

ಗ್ಯಾಂಗನ್ನು ಲೋಡು ಮಾಡಿದ ಟ್ರೇಲರ್ ಮೇಲೆ ಕೂರಿಸಿಕೊಂಡು ಹೋಗಬೇಡಿ. ಟ್ರೇಲರ್ ಇರೋದು ಮಾಲಿಗೆ, ಜನಕ್ಕಲ್ಲ. ಪಲ್ಟಿ ಹೊಡೆದರೆ ಜೀವ ಹೋಗುತ್ತೆ, ವಿಮಾ ಕಂಪನಿ ತಕರಾರು ತೆಗೆಯುತ್ತೆ, ಪರಿಹಾರ ನಿಮ್ಮ ತಲೆಗೆ ಬರುತ್ತೆ. ಟ್ರೇಲರ್ ಹಿಂದೆ ರಿಫ್ಲೆಕ್ಟರ್ ಇರಲೇಬೇಕು.

ಟ್ರ್ಯಾಕ್ಟರ್ ಇಟ್ಟು ಗ್ಯಾಂಗ್ ಕಟ್ಟಿದವರಿಗೆ ಒಂದು ಮಾತು

ನಿಮ್ಮಲ್ಲಿ ಎಷ್ಟೋ ಜನ ಸಾಲ ಮಾಡಿ ಟ್ರ್ಯಾಕ್ಟರ್ ತಗೊಂಡು, ಕಾರ್ಖಾನೆಗೆ ಕರಾರು ಮಾಡಿಕೊಂಡು, ಮುಕಾದಮನಿಗೆ ಲಕ್ಷಗಟ್ಟಲೆ ಮುಂಗಡ ಕೊಟ್ಟಿರ್ತೀರಿ. ಗ್ಯಾಂಗ್ ಬರೋದೇ ಇಲ್ಲ, ಇಲ್ಲಾಂದ್ರೆ ನಡುವೆ ರಾತ್ರೋರಾತ್ರಿ ಓಡಿಹೋಗುತ್ತೆ. ಕಂತು ಕಟ್ಟೋರು ನೀವು. ಈ ಸಂಕಟ ಸುಳ್ಳಲ್ಲ. ಎಷ್ಟೋ ಮನೆ ಇದರಿಂದ ಮುಳುಗಿವೆ.

ಆದರೆ ಆ ಸಿಟ್ಟಿನಲ್ಲಿ ಮಾಡೋ ಕೆಲಸ ಇನ್ನೂ ದೊಡ್ಡ ಗುಂಡಿಗೆ ಕೆಡವುತ್ತೆ. ಕಾರ್ಮಿಕರನ್ನು ಕೂಡಿ ಹಾಕೋದು, ಆಧಾರ್ ಕಾರ್ಡ್ ಕಸಿದಿಟ್ಟುಕೊಳ್ಳೋದು, ಮುಂಗಡ ತೀರೋವರೆಗೆ ಹೆಂಡತಿ ಮಕ್ಕಳನ್ನು ಒತ್ತೆ ಇಟ್ಟುಕೊಳ್ಳೋದು ಜೀತ. 1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಮೂರು ವರ್ಷದವರೆಗೆ ಜೈಲು. ಜೀತ ಅಂತ ಸಾಬೀತಾದರೆ ಆ ಸಾಲವೇ ರದ್ದಾಗುತ್ತೆ, ಅಂದ್ರೆ ದುಡ್ಡೂ ಹೋಯ್ತು, ಕೇಸೂ ಬಿತ್ತು. ಅಕ್ರಮ ಬಂಧನದ ಕೇಸು ಬೇರೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳೋದೂ ಬಲವಂತದ ದುಡಿಮೆಯೇ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ದೆಹಲಿಯ ಏಷ್ಯಾಡ್ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ.

ಹಾಗಾದರೆ ದುಡ್ಡು ಉಳಿಸಿಕೊಳ್ಳೋದು ಹೇಗೆ?

- ಇಡೀ ಮುಂಗಡ ಮುಕಾದಮನೊಬ್ಬನ ಕೈಗೆ ಕೊಡಬೇಡಿ. ಪ್ರತಿ ಜೋಡಿಯ ಹೆಸರು ಬರೆಸಿ, ಸಾಧ್ಯವಾದಷ್ಟು ಅವರವರ ಬ್ಯಾಂಕ್ ಖಾತೆಗೇ ಹಾಕಿ. ಎಷ್ಟೋ ಸಲ ಜೋಡಿಗೆ ಸಿಕ್ಕಿದ್ದಕ್ಕೂ ಪುಸ್ತಕದಲ್ಲಿರೋದಕ್ಕೂ ತಾಳೆಯೇ ಇರೋದಿಲ್ಲ. ಓಡಿಹೋಗೋಕೆ ಅದೂ ಒಂದು ಕಾರಣ.
- ಮುಂಗಡ ಸಣ್ಣದಾಗಿರಲಿ, ಕೂಲಿ ವಾರ ವಾರ ಬರಲಿ. ಕೈಯಲ್ಲಿ ದುಡ್ಡು ಬರೋ ಕೆಲಸವನ್ನು ಯಾರೂ ಬಿಟ್ಟು ಓಡೋದಿಲ್ಲ.
- ಕರಾರು ಬರಹದಲ್ಲಿರಲಿ. ಮುಕಾದಮ ಮೋಸ ಮಾಡಿದರೆ ಅವನ ಮೇಲೆ ಪೊಲೀಸ್ ದೂರು, ಸಿವಿಲ್ ದಾವೆ ದಾರಿ. ಕಾರ್ಮಿಕರ ಮೈಮೇಲೆ ಹೋಗೋದಲ್ಲ.
- ತೂಕದ ಚೀಟಿಯ ಫೋಟೊ ತೆಗೆದು ಗ್ಯಾಂಗಿನ ವಾಟ್ಸಾಪ್ ಗುಂಪಿಗೆ ಅದೇ ದಿನ ಹಾಕಿ. ಟನ್ ಎಷ್ಟು, ಕೂಲಿ ಎಷ್ಟು, ಮುಂಗಡಕ್ಕೆ ಮುರಿದದ್ದೆಷ್ಟು ಅಂತ ಹದಿನೈದು ದಿನಕ್ಕೊಮ್ಮೆ ಚೀಟಿ ಕೊಡಿ.
- ಕಾಯಿಲೆ, ಹೆರಿಗೆ, ಮುಟ್ಟಿನ ದಿನಕ್ಕೆ ಖಾಡಾ ಹಾಕೋದು ನಿಲ್ಲಿಸಿ.

ಅಂತರರಾಜ್ಯ ವಲಸೆ ಕಾರ್ಮಿಕರಿಗೆ 1979ರಲ್ಲೇ ಕಾಯ್ದೆ ಬಂದಿತ್ತು. ಈಗ ಅದು ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ 2020ರ ಸಂಹಿತೆಯೊಳಗೆ ಸೇರಿದೆ. ಊರಿಗೆ ಹೋಗಿ ಬರೋ ಪ್ರಯಾಣ ಭತ್ಯೆ ಅವರ ಹಕ್ಕು. ಕಾಯ್ದೆಯ ಹೊಣೆ ಕಾರ್ಖಾನೆ, ಗುತ್ತಿಗೆದಾರರ ಮೇಲಿದೆ. ಕಟಾವು, ಸಾಗಣೆ ಖರ್ಚು ಮಾತ್ರ ನಮ್ಮ ಬಿಲ್ಲಿನಿಂದ ಮುರಿದುಕೊಳ್ತಾರೆ. ಆ ದುಡ್ಡಿನಲ್ಲಿ ಕಡಿದವರ ಕೈಗೆ ಎಷ್ಟು ಸೇರಿತು ಅಂತ ಕಾರ್ಖಾನೆಯ ಸಭೆಯಲ್ಲಿ ಕೇಳೋ ಹಕ್ಕು ನಮಗಿದೆ. ದರ ಕೇಳುವಾಗ ಇದನ್ನೂ ಕೇಳೋಣ.

ನಿಮ್ಮ ಸ್ಮಾರ್ಟ್‌ಫೋನ್ ಅರ್ಧ ಗಂಟೆ ಕೊಟ್ಟರೆ

ಸಂಜೆ ಜೋಪಡಿ ಹತ್ತಿರ ಕೂತು ಇಷ್ಟು ಮಾಡಿಕೊಡಬಹುದು:

- ಇ-ಶ್ರಮ್ ಕಾರ್ಡ್: 16ರಿಂದ 59 ವಯಸ್ಸಿನ ಅಸಂಘಟಿತ ಕಾರ್ಮಿಕರಿಗೆ. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್, ಬ್ಯಾಂಕ್ ಖಾತೆ ಸಾಕು. ಸಹಾಯವಾಣಿ 14434.
- ರೇಷನ್: 'ಒಂದು ದೇಶ ಒಂದು ರೇಷನ್ ಕಾರ್ಡ್' ಯೋಜನೆಯಲ್ಲಿ ಮಹಾರಾಷ್ಟ್ರದ ಕಾರ್ಡಿಗೆ ನಮ್ಮೂರ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಸಿಗಬೇಕು. ಊರಲ್ಲಿ ಉಳಿದ ಮುದುಕರು ತಮ್ಮ ಪಾಲನ್ನು ಅಲ್ಲೇ ತಗೋಬಹುದು. ಅಂಗಡಿಯವರು ಇಲ್ಲ ಅಂದ್ರೆ ನೀವು ಜೊತೆಗೆ ಹೋಗಿ ನಿಲ್ಲಿ, ಸ್ಥಳೀಯರ ಮಾತಿಗೆ ಬೆಲೆ ಇರುತ್ತೆ.
- ಅಪಘಾತ ವಿಮೆ: ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ 2 ಲಕ್ಷ. ಖಾತೆ ಇರೋ ಬ್ಯಾಂಕಿನಲ್ಲೇ ಮಾಡಿಸಬೇಕು.
- ಆಯುಷ್ಮಾನ್ ಕಾರ್ಡ್: ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತೆ. ಸಹಾಯವಾಣಿ 14555.
- ಆಶಾ, ಅಂಗನವಾಡಿ: ಗ್ಯಾಂಗ್ ಬಂದ ದಿನವೇ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. ಗರ್ಭಿಣಿ, ಬಾಣಂತಿ, ಚಿಕ್ಕ ಮಕ್ಕಳಿದ್ದರೆ ಲಸಿಕೆ, ಪೌಷ್ಟಿಕ ಆಹಾರ ಇಲ್ಲಿಯೂ ಸಿಗುತ್ತೆ.

ಮಕ್ಕಳ ವಿಷಯ ಮರೆಯಬೇಡಿ. ಹತ್ತು ವರ್ಷದ ಹುಡುಗಿ ಕೂಸು ಆಡಿಸ್ತಾ ಜೋಪಡಿ ಕಾಯ್ತಿರ್ತಾಳೆ, ಹನ್ನೆರಡರ ಹುಡುಗ ಕಟ್ಟು ಹೊರ್ತಿರ್ತಾನೆ. 14 ವರ್ಷದೊಳಗಿನವರನ್ನು ಕೂಲಿಗೆ ಹಚ್ಚೋದು ಅಪರಾಧ. ಬಯ್ದು ಕಳಿಸೋದಕ್ಕಿಂತ ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮಾಸ್ತರ ಹತ್ತಿರ ಕರೆದುಕೊಂಡು ಹೋಗಿ. ನಾಲ್ಕು ತಿಂಗಳಿಗಾದರೂ ಕೂರಿಸಿಕೊಳ್ತಾರೆ, ಮಧ್ಯಾಹ್ನದ ಊಟವೂ ಆಗುತ್ತೆ. ಮಕ್ಕಳು ಅಪಾಯದಲ್ಲಿದ್ದರೆ 1098, ಯಾರನ್ನಾದರೂ ಕೂಡಿ ಹಾಕಿದ್ದು ಕಂಡರೆ 112 ಅಥವಾ ತಹಶೀಲ್ದಾರರಿಗೆ ತಿಳಿಸಿ.

ಕೊನೆಗೆ

ಆ ಹೆಣ್ಣುಮಗಳ ಐದು ದಿನದ ಖಾಡಾ ತೆಗೆಸೋಕೆ ನಾನು ಮುಕಾದಮನ ಜೊತೆ ಒಂದು ಸಂಜೆ ಕೂತೆ. "ನಿಮಗ್ಯಾಕ್ರೀ ಮಾಲಕ್ರ ಇದರ ಉಸಾಬರಿ" ಅಂದ. ನನ್ನ ಹೊಲದಲ್ಲೇ ಆದದ್ದು, ನಾನೇ ಮಾತ್ರೆ ಕೊಟ್ಟದ್ದು ಅಂದೆ. ಅವಳ ಗಂಡನ ಮೂರು ದಿನದ್ದು ಬಿಟ್ಟ, ಉಳಿದದ್ದು ಬಿಡಲಿಲ್ಲ. ಗೆದ್ದೆ ಅಂತ ಹೇಳೋಕೆ ಆಗಲ್ಲ. ಏಪ್ರಿಲ್‌ನಲ್ಲಿ ಹೊರಡೋವಾಗ ಅವಳು ನಮ್ಮ ಮನೆಯವಳ ಹತ್ತಿರ ಬಂದು, "ಅಕ್ಕಾ, ಮುಂದಿನ ವರ್ಷಾನೂ ಇಲ್ಲೇ ಬರ್ತೀವಿ, ಇಲ್ಲಿ ನೀರ ಐತಿ" ಅಂದಳಂತೆ.

ಕೂಲಿ ಚೆನ್ನಾಗಿದೆ ಅನ್ನಲಿಲ್ಲ, ನೀರು ಇದೆ ಅಂದಳು. ಗ್ಯಾಂಗ್ ಸಿಗೋದಿಲ್ಲ ಅಂತ ಒದ್ದಾಡೋ ನಾವು ಆ ಮಾತನ್ನು ನೆನಪಿಟ್ಟುಕೊಳ್ಳಬೇಕು.

ಈ ಲೇಖನವನ್ನು ನಿಮ್ಮ ಊರಿನ ಕಬ್ಬು ಬೆಳೆಗಾರರ ಗುಂಪಿಗೆ, ಟ್ರ್ಯಾಕ್ಟರ್ ಮಾಲೀಕ ಗೆಳೆಯರಿಗೆ ಕಳಿಸಿ. ನಿಮ್ಮ ಹೊಲದಲ್ಲಿ ನೀರು, ನೆರಳಿನ ವ್ಯವಸ್ಥೆ ಮಾಡಿದ್ದರೆ ಫೋಟೊ ಕಳಿಸಿ, ಬೇರೆಯವರಿಗೂ ತೋರಿಸೋಣ. ಕಾರ್ಮಿಕರ ಮುಖ ಕಾಣೋ ಫೋಟೊ ಮಾತ್ರ ಅವರನ್ನು ಕೇಳದೆ ಹಾಕಬೇಡಿ. ಮುಂದಿನ ವಾರ: ಕಟಾವಾದ ಮೇಲೆ ರವದಿ ಸುಡದೆ ಕುಳೆ ಕಬ್ಬಿಗೆ ಮುಚ್ಚಿಗೆ ಮಾಡೋದು ಹೇಗೆ?